ನೀರಿನಡಿಯ ದಾಂಪತ್ಯಧರ್ಮ

ಸ್ಕೂಬಾ ಡೈವಿಂಗ್‌ನಲ್ಲಿ ಇಬ್ಬರು ಜೋಡಿಯಾಗಿ ಇಳಿಯುವುದು ರೂಢಿಯ ನಿಯಮ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗುತ್ತದೆ. ಅಲ್ಲಿ ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ಸಿಲಿಂಡರೇ ಆಸರೆ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ನೀರಿಗಿಳಿದ ದಂಪತಿಯಲ್ಲಿ ಒಬ್ಬರಿಗೆ ಆಳದ ಹಂಬಲ, ಇನ್ನೊಬ್ಬರಿಗೆ ಹವಳದ ಬಳಿ ನಿಧಾನವಾಗಿ ತೇಲುವ ಆಸೆ ಇದ್ದರೆ ಯಾರು ಯಾರಿಗೆ ಮಣಿಯಬೇಕು?

ಸಪ್ತಪದಿಯ ಏಳನೆಯ ಹೆಜ್ಜೆ ಸಖ್ಯಕ್ಕೆ ಮೀಸಲು. ಸಖ್ಯದಲ್ಲಿ ಬಲವಂತಕ್ಕೆ ಎಡೆಯಿಲ್ಲ. ಪ್ರೀತಿಯ ಹೆಸರಿನಲ್ಲಿ ಭಯವನ್ನು ನುಂಗಿಕೊಳ್ಳುವಂತೆ ಮಾಡುವುದಂತೂ ಹಿಂಸೆಯೇ. ಡೈವಿಂಗ್‌ನ ಶಿಸ್ತೂ ಇದನ್ನೇ ಒಪ್ಪುತ್ತದೆ: ಯಾರು ಬೇಕಾದರೂ, ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆ ಹೆಬ್ಬೆರಳೆತ್ತಿ ಡೈವ್ ಮುಗಿಸಬಹುದು; ಜೊತೆಗಾರರು ಪ್ರಶ್ನಿಸದೆ ಮೇಲೇರಬೇಕು. ಆದ್ದರಿಂದ ಆಳ, ವೇಗಗಳನ್ನು ಹೆಚ್ಚು ಅಂಜುವವರೇ ನಿರ್ಧರಿಸುವುದು ನ್ಯಾಯ. ಇನ್ನೂ ಆಳ ಬಯಸುವವರು ಬೇರೆ ಜೊತೆಗಾರರೊಂದಿಗೆ ಮತ್ತೊಮ್ಮೆ ಇಳಿಯಬಹುದು.