ವಿಹಾರ ನೌಕೆಯೂ ತೀರದ ಋಣವೂ

ಹಣ ಕೊಟ್ಟು ಕೊಂಡ ಸುಖಕ್ಕೆ ಯಾರ ಹಂಗೂ ಇಲ್ಲವೆಂಬುದು ಲೋಕರೂಢಿಯ ಮಾತು. ಅಂಗಡಿಯಲ್ಲಿ ಅಕ್ಕಿ ಕೊಂಡವನು ಬೆಲೆ ತೆತ್ತೊಡನೆ ಮುಕ್ತನಾಗುತ್ತಾನೆ. ಮನುಷ್ಯನ ಸೇವೆಯನ್ನು ಕೊಂಡವನೂ ಹಾಗೆಯೇ ಮುಕ್ತನೇ? ಎಪ್ಪತ್ತು ದಾಟಿದ ನನ್ನನ್ನು ಈ ಪ್ರಶ್ನೆ ಹಿಡಿದು ನಿಲ್ಲಿಸಿದ್ದು ನಡುಗಡಲಿನಲ್ಲಿ.

ವಿದೇಶದಲ್ಲಿರುವ ಮಗನ ಒತ್ತಾಯಕ್ಕೆ ಮಣಿದು ನಾನೂ ನನ್ನ ಪತ್ನಿಯೂ ಒಂದು ವಾರ ವಿಹಾರ ನೌಕೆಯಲ್ಲಿ ಪಯಣಿಸಿದೆವು. ಇಂದಿನ ಇಂತಹ ಹಡಗುಗಳ ಗಾತ್ರ ಊಹೆಗೆ ನಿಲುಕುವಂಥದ್ದಲ್ಲ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಸುಮಾರು 365 ಮೀಟರ್ ಉದ್ದವಿದ್ದು, 20 ಅಂತಸ್ತುಗಳನ್ನು ಹೊಂದಿದೆ. ಅದರಲ್ಲಿ ಗರಿಷ್ಠ 7,600 ಪ್ರಯಾಣಿಕರಿಗೆ ಸ್ಥಳವಿದ್ದು, ಅವರ ಸೇವೆಗೆ 2,350 ಸಿಬ್ಬಂದಿಯಿದ್ದಾರೆ. ನಮ್ಮ ನೌಕೆ ಅಷ್ಟು ದೊಡ್ಡದಲ್ಲವಾದರೂ ನಮ್ಮ ಕೆಲವು ಗ್ರಾಮಗಳ ಜನಸಂಖ್ಯೆಗಿಂತ ಹೆಚ್ಚು ಮಂದಿ ಅದರೊಳಗಿದ್ದರು.

ದಿನಕ್ಕೆರಡು ಬಾರಿ ಒಬ್ಬ ತರುಣ ಬಂದು ನಮ್ಮ ಕೋಣೆಯನ್ನು ಓರಣಗೊಳಿಸುತ್ತಿದ್ದ. ನಾಲ್ಕನೆಯ ದಿನ ನಮ್ಮಿಬ್ಬರ ಮಾತು ಕೇಳಿ, “ನೀವು ಕಾಸರಗೋಡಿನ ಕಡೆಯವರಾ?” ಎಂದ. ಅವನು ಉದುಮದವನು, ಕನ್ನಡ ಶಾಲೆಯಲ್ಲಿ ಕಲಿತವನು. ಉದುಮ, ಕೋಟಿಕುಳಂ ಪರಿಸರದವರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋಗುತ್ತಿರುವುದು ತಮಗೆಲ್ಲ ತಿಳಿದದ್ದೇ. ಅವನದು ಎಂಟು ತಿಂಗಳ ಒಪ್ಪಂದ. ಹಡಗು ಹತ್ತಿದ ಬಳಿಕ ಹುಟ್ಟಿದ ಮಗಳನ್ನು ಅವನು ಫೋನಿನಲ್ಲಿ ಮಾತ್ರ ಕಂಡಿದ್ದ. “ನಾನು ಊರು ಮುಟ್ಟುವಾಗ ಅವಳು ಅಂಬೆಗಾಲಿಡುತ್ತಾಳೆ, ಮಾಷ್ಟ್ರೇ” ಎಂದು ನಕ್ಕು, ಹೊದಿಕೆಯ ಸುಕ್ಕು ಸರಿಪಡಿಸಿದ.

ಹಾಗಾದರೆ ವಿಹಾರವೇ ತಪ್ಪೇ? ಹಾಗೆಂದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ನಾವೆಲ್ಲ ಮನೆಯಲ್ಲೇ ಕುಳಿತರೆ ಅವನ ಮನೆಯ ಸಾಲ ತೀರುವುದಿಲ್ಲ. ಬುದ್ಧಿಯಿಂದ ಆರಿಸಿಕೊಂಡ ದುಡಿಮೆಗೆ ಕನಿಕರ ತೋರುವುದೂ ಒಂದು ಬಗೆಯ ಅಹಂಕಾರವೇ ಸರಿ.

ಆದರೂ ವೇತನವು ದುಡಿಮೆಗೆ ಸಲ್ಲುತ್ತದೆ, ಅಗಲಿಕೆಗೆ ಸಲ್ಲುವುದೇ? 2020ರ ಫೆಬ್ರವರಿಯಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೊನಾ ಸೋಂಕಿನ ಕಾರಣ ಜಪಾನಿನ ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಲಾಯಿತು. ಅದರಲ್ಲಿದ್ದ 3,700ಕ್ಕೂ ಹೆಚ್ಚು ಜನರ ಪೈಕಿ 700ಕ್ಕೂ ಮಿಕ್ಕಿ ಮಂದಿಗೆ ಸೋಂಕು ತಗಲಿತು. ಪ್ರಯಾಣಿಕರು ಕೋಣೆಗಳಲ್ಲಿ ಉಳಿದರು. ಸಿಬ್ಬಂದಿ ಅಡುಗೆ ಮಾಡಿ ಬಾಗಿಲು ಬಾಗಿಲಿಗೆ ಊಟ ಒಯ್ದರು. ಆ ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಭಾರತೀಯರಿದ್ದರು. ಆ ಊಟದ ಬೆಲೆ ಟಿಕೆಟ್ಟಿನಲ್ಲಿ ಸೇರಿತ್ತೆಂದು ಯಾರು ಹೇಳಿಯಾರು?

ಇಂತಹ ಋಣಕ್ಕೆ ಬರಿಯ ಮೆಚ್ಚುಮಾತು ಸಾಲದು. 2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯು ಹಡಗಿನಲ್ಲಿ ದುಡಿಯುವವರಿಗೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ 77 ಗಂಟೆ ವಿಶ್ರಾಂತಿ ಇರಬೇಕೆನ್ನುತ್ತದೆ. ಭಾರತವು 2015ರಲ್ಲಿ ಅದನ್ನು ಅನುಮೋದಿಸಿತು. ನಿದ್ರೆಯನ್ನೂ ಕಾನೂನಿನಲ್ಲಿ ಬರೆದಿಡಬೇಕಾಯಿತೆಂಬುದು ವಿಹಾರಕ್ಕೆ ಹೊರಡುವವರು ಯೋಚಿಸತಕ್ಕ ಸಂಗತಿ. ಆ ನಿಯಮ ಪಾಲನೆಯಾಗಲೆಂದು ಬಯಸುವುದು, ಅದಕ್ಕಾಗಿ ಪ್ರಯಾಣದರ ತುಸು ಹೆಚ್ಚಾದರೆ ಗೊಣಗದೆ ತೆರುವುದು ನಮ್ಮ ಪಾಲಿನ ಕರ್ತವ್ಯ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇನೆ. ಮೂವತ್ತೆರಡು ವರ್ಷ ಹಾಜರಿ ಪುಸ್ತಕ ಹಿಡಿದು ಮಕ್ಕಳ ಹೆಸರು ಕೂಗಿದ ನಾನು, ಆ ತರುಣನ ಎದೆಯ ಮೇಲಿದ್ದ ಹೆಸರಿನ ಬಿಲ್ಲೆಯನ್ನು ಮೂರು ದಿನ ಓದಿರಲಿಲ್ಲ. ಅವನು ಕನ್ನಡ ಮಾತಾಡಿದ್ದರಿಂದ ಓದಿದೆ. ಪಕ್ಕದ ಓಣಿಯ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ಪೀನ್ಸ್‌ನವನಿಗೂ ಮಗಳಿದ್ದಾಳೋ ಏನೋ, ನಾನು ಕೇಳಲಿಲ್ಲ. ಗಡಿನಾಡಿನಲ್ಲಿ ನುಡಿಯ ನಂಟಿನಿಂದ ಬಾಳಿದವರು ನಾವು. ಆ ನಂಟು ನನ್ನ ಕಣ್ಣು ತೆರೆಸಿತೆಂಬುದು ಸಂತೋಷ. ಅದಿಲ್ಲದೆ ಕಣ್ಣು ತೆರೆಯಲಿಲ್ಲವೆಂಬುದು ನಾಚಿಕೆ.

ಈ ಸಮ್ಮೇಳನದಲ್ಲಿ ನಾವು ಗೋಷ್ಠಿ ನಡೆಸುತ್ತಿರುವಾಗ ಚಪ್ಪರದ ಹಿಂದೆ ಅನ್ನ ಬಾಗುವವರಿದ್ದಾರೆ, ಎಲೆ ತೆಗೆಯುವವರಿದ್ದಾರೆ. ಅವರೆಲ್ಲರ ಮಾತು ಕನ್ನಡವಾಗಿರಬೇಕೆಂದಿಲ್ಲ. ಊಟವಾದ ಮೇಲೆ ಒಮ್ಮೆ ಅತ್ತ ಹೋಗಿ ಅವರ ಹೆಸರು ಕೇಳಿ ಬರಬೇಕೆಂದು ನಿಶ್ಚಯಿಸಿದ್ದೇನೆ. ತಾವೂ ಜೊತೆಗೆ ಬರುವಿರಾದರೆ ಸಂತೋಷ.