ಹೆಗಲು ಕೊಡುವ ಯೋಧರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಯಲ್ಲಿ ಶವಯಾತ್ರೆ ಸಾಗುವಾಗ ಬಂಧುಗಳಲ್ಲದವರೂ ನಾಲ್ಕು ಹೆಜ್ಜೆ ಹೆಗಲು ಕೊಡುವುದುಂಟು. ಸೈನಿಕ ಗೌರವದ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆ ಹೊರುವ ಯೋಧರದೂ ಇದೇ ಕಾರ್ಯ. ಆದರೆ ಅದು ಆಜ್ಞೆಗೆ ಒಳಪಟ್ಟದ್ದು, ಹೆಜ್ಜೆಹೆಜ್ಜೆಗೂ ಅಳತೆಯುಳ್ಳದ್ದು. ಶಸ್ತ್ರಧಾರಿಗೆ ಸಲ್ಲುವ ಈ ಗೌರವವನ್ನು ಅಹಿಂಸಾಣುವ್ರತಿಯಾದ ಶ್ರಾವಕನು ಹೇಗೆ ಕಾಣಬೇಕು?

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಹತ್ತು ಯೋಧರು ಸಿಲುಕಿದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ತರುವಾಯ ಜೀವಂತವಾಗಿ ದೊರೆತು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಸಹಯೋಧರು ಹೊತ್ತ ಪೆಟ್ಟಿಗೆ ಮರುದಿನ ಹುಟ್ಟೂರಿನ ಮಣ್ಣು ಸೇರಿತು. ಗೃಹಸ್ಥನು ಬಿಡಬೇಕಾದುದು ಸಂಕಲ್ಪೀ ಹಿಂಸೆ. ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆ ಅವನಿಗೆ ಪೂರ್ಣ ನಿಷಿದ್ಧವಲ್ಲ. ಇಲ್ಲಿಯಂತೂ ಕೊಂದದ್ದು ಹಿಮ. ಆದುದರಿಂದ ಶಸ್ತ್ರದ ಆಕ್ಷೇಪಣೆ ಬಹುದೂರ ನಡೆಯದು. 1948ರ ಜನವರಿ 31ರಂದು ಗಾಂಧೀಜಿಯವರ ದೇಹವನ್ನಿಟ್ಟ ವಾಹನವೂ ಸೈನ್ಯದ್ದೇ. ಎಂಜಿನ್ ಚಾಲೂ ಮಾಡದೆ, ಮೂರೂ ಪಡೆಗಳವರು ಹಗ್ಗ ಹಿಡಿದು ಅದನ್ನೆಳೆದರು.

ಬಿಡಿಸಲು ಕಷ್ಟವಾದ ಆಕ್ಷೇಪಣೆ ಬೇರೆಯಿದೆ. ದೇಹ ಪುದ್ಗಲ. ಅದನ್ನು ಬಿಟ್ಟ ಜೀವ ಕೆಲವೇ ಸಮಯಗಳಲ್ಲಿ ಮತ್ತೊಂದು ಗತಿಯನ್ನು ಸೇರುವುದೆಂದು ಆಗಮ ಹೇಳುತ್ತದೆ. ನಮ್ಮಲ್ಲಿ ಶ್ರಾದ್ಧವಿಲ್ಲದಿರುವುದೂ ಇದಕ್ಕಾಗಿಯೇ. ಯೋಧರು ಪೆಟ್ಟಿಗೆಗೆ ಕೈ ಹಚ್ಚುವ ಮೊದಲೇ ಜೀವ ಹೋಗಿಯಾಗಿದೆ. ಹಾಗಾದರೆ ಅವರು ಹೊರುವುದು ಏನನ್ನು?

ಸತ್ತವನಿಗೆ ಈ ಗೌರವ ಮುಟ್ಟುವುದಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ಕರ್ಮಬಂಧ ಭಾವವನ್ನು ಅನುಸರಿಸುತ್ತದೆ; ಭಾವವಿರುವುದು ಹೊತ್ತವನಲ್ಲಿ. ನಿನ್ನೆ ಜೊತೆಗೆ ಉಂಡವನ ಭಾರವನ್ನು ಹೆಗಲ ಮೇಲೆ ಹೊತ್ತು, ಅಳುವನ್ನು ನುಂಗಿ, ಎದುರಿನವನ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಿ ನಡೆಯುವಾಗ ಅನಿತ್ಯಾನುಪ್ರೇಕ್ಷೆ ಗ್ರಂಥದಲ್ಲಿ ಉಳಿಯುವುದಿಲ್ಲ. (ಇದನ್ನು ಮುನಿಗಳ ಈರ್ಯಾಸಮಿತಿಗೆ ಹೋಲಿಸುವುದು ಅತಿಯಾದೀತು, ಅಲ್ಲಿ ದೃಷ್ಟಿ ನೆಲದ ಜೀವಿಗಳ ಮೇಲೆ.) ಆಜ್ಞೆಯಿಂದ ನಡೆದವನಿಗೆ ಭಾವವೆಲ್ಲಿ ಎಂದು ಕೇಳಬಹುದು. ವ್ರತವೂ ಮೊದಲು ಹೊರಗಿನ ನಿಯಮವಾಗಿಯೇ ಬರುತ್ತದೆ.

ಪೆಟ್ಟಿಗೆಯ ಮೇಲಿನ ಧ್ವಜವನ್ನು ಚಿತೆಯಲ್ಲಿ ಸುಡಕೂಡದು, ಕುಣಿಗೆ ಇಳಿಸಕೂಡದು ಎಂದು ಧ್ವಜಸಂಹಿತೆಯ ವಿಧಿ. ಅದನ್ನು ತೆಗೆದು ಮಡಿಸಿದ ಮೇಲೆ ಉಳಿಯುವುದು, ಎಲ್ಲರಿಗೂ ಉಳಿಯುವಂಥ ಬರಿಯ ದೇಹ. ಹೊತ್ತವರು ಠಾಣ್ಯಕ್ಕೆ ಮರಳುತ್ತಾರೆ; ಅವರಲ್ಲೊಬ್ಬನ ಮುಂದಿನ ಪಾಳಿ ಅದೇ ಹಿಮದ ಮೇಲಿರಬಹುದು.