ಯೋಗವೂ ಕ್ಷೇಮವೂ

ಮನೆಯಲ್ಲಿಯೇ ಕುಳಿತು ಗಣಕಯಂತ್ರದ ಮೂಲಕ ಕಚೇರಿಯ ಕಾರ್ಯವನ್ನು ನಿರ್ವಹಿಸುವ ಪದ್ಧತಿಯು 2020ರ ಮಾರ್ಚ್ ತಿಂಗಳ ಲಾಕ್‌ಡೌನ್‌ನೊಂದಿಗೆ ನಮ್ಮ ನಗರಗಳಲ್ಲಿ ಒಮ್ಮೆಲೇ ವ್ಯಾಪಿಸಿತು. ಅನಂತರ ಅನೇಕ ಕಂಪನಿಗಳು ನೌಕರರನ್ನು ಮರಳಿ ಕರೆಸಿಕೊಂಡವು. ಕೆಲವರಿಗೆ ಮಾತ್ರ ಆ ಅನುಕೂಲ ಉಳಿದಿದೆ. ಅಂಥವರ ಮುಂದೆ ಈಗ ಪ್ರಶ್ನೆಯೊಂದು ಬಂದು ನಿಲ್ಲುತ್ತಿದೆ. ಬೇರೊಂದು ಸಂಸ್ಥೆಯವರು ಸ್ವಲ್ಪ ಹೆಚ್ಚಿನ ವೇತನ ಕೊಡಲು ಸಿದ್ಧರಿದ್ದಾರೆ, ಆದರೆ ನಿತ್ಯವೂ ಕಚೇರಿಗೆ ಹೋಗಬೇಕು. ಒಪ್ಪಬೇಕೇ, ಬಿಡಬೇಕೇ? ಮೇಲ್ನೋಟಕ್ಕೆ ಇದು ಹಣದ ವಿಚಾರ. ಆದರೆ ಇದರೊಳಗೆ ಧರ್ಮದ ವಿಚಾರವೂ ಅಡಗಿದೆಯೆಂದು ನನ್ನ ಭಾವನೆ.

ಇಂಥ ಪ್ರಶ್ನೆ ಎದುರಾಗುವುದೇ ಒಂದು ಭಾಗ್ಯವೆನ್ನಬೇಕು. ಲೋಕಲ್ ಗಾಡಿಯ ಮೋಟರ್‌ಮ್ಯಾನ್‌ಗಾಗಲಿ, ಆಸ್ಪತ್ರೆಯ ದಾದಿಗಾಗಲಿ ಈ ಆಯ್ಕೆ ಎಂದೂ ಇರಲಿಲ್ಲ. ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನಮ್ಮಂಥವರಿಗಂತೂ ವರ್ಗಾವಣೆಯ ಆಜ್ಞೆ ಬಂದರೆ ಟ್ರಂಕು ಕಟ್ಟುವುದೊಂದೇ ಗೊತ್ತಿದ್ದ ಮಾರ್ಗ.

ನಾವು ಕನ್ನಡಿಗರು ಪರಸ್ಪರ ಭೇಟಿಯಾದಾಗ 'ಯೋಗಕ್ಷೇಮ' ವಿಚಾರಿಸುತ್ತೇವೆ. ಈ ಪದದಲ್ಲಿ ಎರಡು ಬೇರೆಬೇರೆ ಅರ್ಥಗಳು ಕೂಡಿವೆಯೆಂಬುದು ಸಂಸ್ಕೃತಜ್ಞರಿಗೆ ವಿದಿತವೇ ಇದೆ. ಇಲ್ಲದ್ದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹೊಸ ಉದ್ಯೋಗದ ಪತ್ರದಲ್ಲಿ ಕಾಣುವುದು ಯೋಗ ಮಾತ್ರ. ಕ್ಷೇಮದ ಅಂಕಿಯನ್ನು ಯಾವ ಕಂಪನಿಯೂ ಬರೆದು ಕೊಡುವುದಿಲ್ಲ, ಅದನ್ನು ನಾವೇ ಬರೆದುಕೊಳ್ಳಬೇಕು.

ಉದಾಹರಣೆಗೆ, ಡೊಂಬಿವಲಿಯಲ್ಲಿ ವಾಸಿಸುವ ಯುವಕನೊಬ್ಬನನ್ನು ತೆಗೆದುಕೊಳ್ಳೋಣ. ಈಗ ಅವನ ಕೈಗೆ ಬರುವ ವೇತನ ತಿಂಗಳಿಗೆ 70,000 ರೂಪಾಯಿ. ಹೊಸ ಕಡೆ 78,000. ಕಚೇರಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಮನೆಯಿಂದ ನಿಲ್ದಾಣಕ್ಕೆ ರಿಕ್ಷಾ, ಅಲ್ಲಿಂದ ಕುರ್ಲಾವರೆಗೆ ಸುಮಾರು 33 ಕಿಲೋಮೀಟರ್ ಲೋಕಲ್, ಮತ್ತೆ ಅಲ್ಲಿಂದ ಬಸ್ಸೋ ಶೇರ್ ರಿಕ್ಷಾವೋ. ಬಾಗಿಲಿನಿಂದ ಬಾಗಿಲಿಗೆ ಒಂದು ಮುಕ್ಕಾಲು ಗಂಟೆಯೆಂದರೂ ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆ. 22 ದಿನಗಳಿಗೆ 77 ಗಂಟೆ. ಪಾಸು, ರಿಕ್ಷಾ, ಹೊರಗಿನ ಊಟ-ತಿಂಡಿಗಳಿಗೆ 4,000 ಕಳೆದರೆ ಉಳಿಯುವುದು 4,000. ಅಂದರೆ ಗಂಟೆಗೆ ಸುಮಾರು 52 ರೂಪಾಯಿ. ಇದೇ ಯುವಕ ಈಗ ದಿನಕ್ಕೆ ಒಂಬತ್ತು ಗಂಟೆ ದುಡಿಯುತ್ತಾನೆಂದು ಹಿಡಿದರೂ ಅವನ ಒಂದು ಗಂಟೆಗೆ 350 ರೂಪಾಯಿಗಿಂತ ಹೆಚ್ಚು ಬೆಲೆಯಿದೆ. ವರ್ಷದ ಲೆಕ್ಕದಲ್ಲಿ 924 ಗಂಟೆಗಳು, ಹಗಲಿರುಳು ಸೇರಿ 38 ದಿನಗಳಿಗೂ ಮಿಕ್ಕು, ಪ್ರಯಾಣಕ್ಕೇ ಸಲ್ಲುತ್ತವೆ. ಅದೂ ಎಂಥ ಪ್ರಯಾಣ! ಬೆಳಗಿನ ಹೊತ್ತಿನ ಫಾಸ್ಟ್ ಲೋಕಲ್‌ನಲ್ಲಿ ಒಂದು ಚದರ ಮೀಟರಿಗೆ 14ರಿಂದ 16 ಮಂದಿ ನಿಲ್ಲುವ ಸ್ಥಿತಿಗೆ ರೈಲ್ವೆಯವರು ಪ್ರತ್ಯೇಕ ಹೆಸರನ್ನೇ ಇಡಬೇಕಾಯಿತು.

ಈ ಗಣಿತ ಮಾತ್ರದಿಂದ ಪ್ರಶ್ನೆ ಮುಗಿಯಿತೆಂದು ತಿಳಿಯಬಾರದು. ಆ 77 ಗಂಟೆಗಳು ಯಾರವು? ಯುವಕನು 'ನನ್ನ ಸಮಯ' ಎನ್ನುತ್ತಾನೆ. ಮಧ್ಯಾಹ್ನ ವೃದ್ಧ ತಂದೆಗೆ ಊಟ ಬಡಿಸಿ ಔಷಧಿ ಕೊಡುವವನು ಅವನೇ. ಶಾಲೆಯ ಬಸ್ಸಿನಿಂದ ಮಗಳನ್ನು ಇಳಿಸಿಕೊಳ್ಳುವವನೂ ಅವನೇ. ಅವನು ಹೊರಟುಹೋದರೆ ಈ ಕೆಲಸಗಳು ತಾವಾಗಿಯೇ ಮಾಯವಾಗುವುದಿಲ್ಲ. ಬಹುತೇಕ ಮನೆಗಳಲ್ಲಿ ಅವು ಹೆಂಡತಿಯ ಪಾಲಿಗೆ ಸದ್ದಿಲ್ಲದೆ ವರ್ಗವಾಗುತ್ತವೆ, ಆಕೆಯೂ ಹೊರಗೆ ದುಡಿಯುವವಳಾಗಿದ್ದರೂ. ವೇತನ ಏರುವುದು ಒಬ್ಬರದು, ಅದಕ್ಕೆ ಬೆಲೆ ತೆರುವವರು ಇನ್ನೊಬ್ಬರು. ಕೊಡುವವರನ್ನು ಕೇಳದೆ ತೆಗೆದುಕೊಂಡದ್ದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರನ್ನು ಇಲ್ಲಿ ಬರೆಯಲು ನನಗೆ ಸಂಕೋಚವಾಗುತ್ತದೆ.

ಹಾಗೆಂದು ಮನೆಯಲ್ಲಿರುವುದೇ ಸರ್ವಥಾ ಶ್ರೇಷ್ಠವೆಂದು ಹೇಳಲೂ ಮನಸ್ಸು ಒಪ್ಪುವುದಿಲ್ಲ. ಮಹಾಭಾರತದ ವನಪರ್ವದಲ್ಲಿ ಯಕ್ಷನು, ಸಂತೋಷಪಡುವವನು ಯಾರೆಂದು ಕೇಳಿದಾಗ ಧರ್ಮರಾಜನು ಕೊಟ್ಟ ಉತ್ತರ ಪ್ರಸಿದ್ಧವೇ ಆಗಿದೆ. ತನ್ನ ಮನೆಯಲ್ಲಿ ತಡವಾಗಿಯಾದರೂ ಬರಿಯ ಸೊಪ್ಪನ್ನೇ ಬೇಯಿಸಿ ಉಣ್ಣುವವನು, ಸಾಲವಿಲ್ಲದವನು, ಪ್ರವಾಸದಲ್ಲಿ ಇಲ್ಲದವನು ಎಂಬುದು ಅದರ ತಾತ್ಪರ್ಯ. ಆದರೆ ಮನೆಯೊಳಗೆ ಇದ್ದ ಮಾತ್ರಕ್ಕೆ ಒಬ್ಬನು ಅಪ್ರವಾಸಿಯಾಗುತ್ತಾನೆಯೇ? ಒಂದು ಕೋಣೆ, ಅಡುಗೆಮನೆ ಇರುವ ಬಿಡಾರದಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಯಂತ್ರ ಸಿಕ್ಕಿಸಿ, ತಂದೆ ಕರೆದರೆ ಕೈಸನ್ನೆಯಿಂದ ಸುಮ್ಮನಿರಿಸಿ, ರಾತ್ರಿ ಹತ್ತು ಗಂಟೆಗೂ ಯಾರಿಗೋ ಉತ್ತರ ಹೇಳುತ್ತಿರುವವನು ಪ್ರವಾಸಿಯೇ ಸರಿ. ಅವನ ಪ್ರವಾಸಕ್ಕೆ ಕೊನೆಯ ನಿಲ್ದಾಣವೂ ಇಲ್ಲ. ಕಚೇರಿಗೆ ಹೋಗುವವನು ರಾತ್ರಿ ಎಂಟಕ್ಕಾದರೂ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ.

ಇನ್ನೊಂದು ಮಾತು. ವೃತ್ತಿಯ ವಿದ್ಯೆಯಲ್ಲಿ ಬಹುಭಾಗ ಕಿವಿಯಿಂದ ಬರುವಂಥದ್ದು. ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಹಿರಿಯ ಸೆಕ್ಷನ್ ಕಂಟ್ರೋಲರರು ಯಾವ ಗಾಡಿಯನ್ನು ಎಲ್ಲಿ ತಡೆದು ಯಾವುದನ್ನು ಮುಂದೆ ಬಿಡಬೇಕೆಂದು ಫೋನಿನಲ್ಲಿ ಹೇಳುವುದನ್ನು ಪಕ್ಕದಲ್ಲಿ ಕುಳಿತು ಕೇಳಿಯೇ ನಾವು ಕೆಲಸ ಕಲಿತೆವು. ನಿಯಮಗಳ ಪುಸ್ತಕ ಓದಿ ಕಲಿತದ್ದು ಅಲ್ಪ. ಇಪ್ಪತ್ತೈದರ ವಯಸ್ಸಿನವನಿಗೆ ಈ ಸಹವಾಸದ ಅಗತ್ಯ ಬಹಳ. ನಲವತ್ತೈದರವನಿಗೆ ಅಷ್ಟಿಲ್ಲ, ಅವನ ಮನೆಯಲ್ಲಿ ಅವನ ಅಗತ್ಯವೇ ಆ ವೇಳೆಗೆ ಹೆಚ್ಚಿರುತ್ತದೆ. ಒಂದೇ ಪತ್ರಕ್ಕೆ ಇಬ್ಬರೂ ಬೇರೆಬೇರೆ ಉತ್ತರ ಬರೆದರೆ ಇಬ್ಬರದೂ ಸರಿಯಾಗಬಹುದು.

ಧರ್ಮರಾಜನು ಸಾಲವನ್ನೂ ಪ್ರವಾಸವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಮುಂಬಯಿಯ ಗೃಹಸ್ಥನಿಗೆ ವಿವರಿಸಬೇಕಾದ್ದೇ ಇಲ್ಲ. ಇಲ್ಲಿ ಪ್ರವಾಸ ಮಾಡಿಸುವುದು ಮನೆಯ ಸಾಲವೇ. 30 ಲಕ್ಷದ ಸಾಲವನ್ನು ಶೇಕಡಾ ಎಂಟೂವರೆ ಬಡ್ಡಿಯಂತೆ 20 ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 26,000 ಆಗುತ್ತದೆ. ಮೇಲೆ ಹೇಳಿದ 4,000 ರೂಪಾಯಿಯನ್ನು ಮೊದಲ ತಿಂಗಳಿನಿಂದಲೇ ತಪ್ಪದೆ ಅಸಲಿಗೆ ಕಟ್ಟುತ್ತ ಹೋದರೆ ಆ ಸಾಲ ಹದಿನಾಲ್ಕೂವರೆ ವರ್ಷಗಳಲ್ಲಿ ಮುಗಿಯುತ್ತದೆ. ಐದು ವರ್ಷಗಳ ಋಣಮುಕ್ತಿಯೆಂದರೆ ಸಾಮಾನ್ಯವೇನಲ್ಲ; 52 ರೂಪಾಯಿಯ ಗಂಟೆಯನ್ನು ನಾನು ಹಗುರಾಗಿ ಕಾಣದಿರುವುದಕ್ಕೆ ಇದೇ ಕಾರಣ. ಆದರೆ ಏರಿದ ವೇತನ ನಿಜವಾಗಿ ಅಸಲಿಗೆ ಹೋಗುವ ಮನೆಗಳನ್ನು ನಾನು ಕಂಡದ್ದು ಕಡಿಮೆ. ದೊಡ್ಡ ಟೀವಿಯ ಹೊಸ ಕಂತಿಗೆ ಅದು ಹೋದರೆ ಸಾಲವೂ ಹೆಚ್ಚಿತು, ಪ್ರವಾಸವೂ ಹೆಚ್ಚಿತು. ಆದುದರಿಂದ ಹೆಚ್ಚುವ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಪತ್ರಕ್ಕೆ ಸಹಿ ಹಾಕುವ ಮೊದಲೇ ಮಡದಿಯೊಡನೆ ಕುಳಿತು ನಿಶ್ಚಯಿಸುವುದು ಲೇಸು. ತಂದೆಯ ಮಧ್ಯಾಹ್ನದ ಊಟದ ಮಾತನ್ನೂ ಅದೇ ದಿನ, ತಂದೆಯವರ ಎದುರಿನಲ್ಲಿಯೇ ಆಡಬೇಕು.

ಹೊಸ ಗಾಡಿಯನ್ನು ಓಡಿಸುವ ಮೊದಲು ರೈಲ್ವೆಯವರು ಟ್ರಯಲ್ ನಡೆಸುತ್ತಾರೆ. ಉತ್ತರ ಬರೆಯಲು ಕೊಟ್ಟ ಅವಧಿಯಲ್ಲಿ ಯುವಕನೂ ಎರಡು ದಿನ ರಜೆ ಹಾಕಿ, ರಿಟರ್ನ್ ಟಿಕೆಟ್ ಕೊಂಡು, ಬೆಳಿಗ್ಗೆ ಕಚೇರಿಯ ವೇಳೆಗೆ ಕುರ್ಲಾ ಮಾರ್ಗವಾಗಿ ಆ ಕಟ್ಟಡದ ಬಾಗಿಲವರೆಗೆ ಹೋಗಲಿ; ಸಂಜೆಯ ನೂಕುನುಗ್ಗಲಿನಲ್ಲಿಯೇ ಮರಳಲಿ. ಸಾಧ್ಯವಾದರೆ ಅದರಲ್ಲೊಂದು ದಿನ ಮಳೆಗಾಲದ್ದಾಗಿರಲಿ.